ಬೆಂಗಳೂರಿನಲ್ಲಿ ಹುಟ್ಟಬೇಕಿದ್ದ ಕಾರು

ದಿವಾನಗಿರಿಗೆ ರಾಜೀನಾಮೆ ಕೊಡಲು ಸರ್ಕಾರಿ ಕಾರಿನಲ್ಲಿ ಅರಮನೆಗೆ ಹೋದ ವಿಶ್ವೇಶ್ವರಯ್ಯನವರು, ಕೊಟ್ಟು ಹೊರಬಂದ ಮೇಲೆ ಸ್ವಂತ ಕಾರು ಹತ್ತಿ ಮನೆಗೆ ಮರಳಿದರಂತೆ. ಈ ಕಥೆಯನ್ನು ಶಾಲೆಯಲ್ಲಿ ಕೇಳದ ಕನ್ನಡಿಗರು ಕಡಿಮೆ. ಇದು ಬಾಯಿಂದ ಬಾಯಿಗೆ ಬೆಳೆದ ದಂತಕಥೆ. ಮೇಷ್ಟರು ಪ್ರಾಮಾಣಿಕತೆಗೆ ಉದಾಹರಣೆಯಾಗಿ ಅದನ್ನು ಹೇಳುತ್ತಿದ್ದರು, ನಾವು ತಲೆದೂಗುತ್ತಿದ್ದೆವು. ಆ ಎರಡೂ ಕಾರುಗಳನ್ನು ಮಾಡಿದ್ದು ಯಾರು ಎಂದು ಯಾವ ಹುಡುಗನೂ ಕೈಯೆತ್ತಿ ಕೇಳಲಿಲ್ಲ. ಕೇಳಿದ್ದರೆ ಉತ್ತರ ಸುಲಭವಿತ್ತು. 1918ರಲ್ಲಿ ಕಾರು ಎಂದರೆ ಹಡಗಿನಿಂದ ಇಳಿದದ್ದು, ಅಷ್ಟೇ.

ಆ ಪ್ರಶ್ನೆಯನ್ನು ಕೊನೆಗೆ ಕೇಳಿದವರು ಅದೇ ವಿಶ್ವೇಶ್ವರಯ್ಯನವರು. 1935ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಅವರು ಯುರೋಪು ಮತ್ತು ಅಮೆರಿಕದ ಮೋಟಾರು ಕಾರ್ಖಾನೆಗಳನ್ನು ನೋಡಲು ಹೊರಟರು. ಉಳಿದವರು ಕಾಶಿಗೆ ಹೊರಡುವ ವಯಸ್ಸಿನಲ್ಲಿ ಇವರು ಡೆಟ್ರಾಯಿಟಿಗೆ ಹೊರಟದ್ದು. ಹಿಂದಿನ ವರ್ಷವಷ್ಟೇ ‘ಪ್ಲ್ಯಾನ್ಡ್ ಎಕಾನಮಿ ಫಾರ್ ಇಂಡಿಯಾ’ ಎಂಬ ಅವರ ಪುಸ್ತಕ ಬಂದಿತ್ತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ನಷ್ಟದ ಕೂಪದಿಂದ ಎತ್ತಿದ ಅನುಭವ ಬೆನ್ನಿಗಿತ್ತು. ಕೈಗಾರಿಕೆ ಬೆಳೆಸದಿದ್ದರೆ ದೇಶ ನಾಶವಾಗುತ್ತದೆ ಎಂಬುದು ಅವರ ಮಂತ್ರ. ಬೆಳೆಸಿದರೇ ನಾಶ ಎಂದವರು ಗಾಂಧೀಜಿ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಗೌರವವಿತ್ತು, ಒಪ್ಪಿಗೆ ಇರಲಿಲ್ಲ. ಇವರು ಫೋರ್ಡ್‌ನ ಊರಿಗೆ ಹೋಗಿ ಕಾರು ಮಾಡುವ ವಿದ್ಯೆ ತರಲು ನೋಡಿದರೆ, ಅವರು ಆರು ವರ್ಷದ ನಂತರ ಹೆನ್ರಿ ಫೋರ್ಡ್‌ಗೆ ಒಂದು ಚರಕ ಕಳಿಸಿಕೊಟ್ಟರು.

ಆ ಹೊತ್ತಿಗೆ ಇಲ್ಲಿ ಕಾರಿನ ‘ಕಾರ್ಖಾನೆ’ಗಳು ಇರಲಿಲ್ಲವೆಂದಲ್ಲ. ಜನರಲ್ ಮೋಟಾರ್ಸ್ 1928ರಲ್ಲಿ ಮುಂಬಯಿಯ ಸೆವ್ರಿಯಲ್ಲಿ ಒಂದು ಘಟಕ ತೆರೆದಿತ್ತು. ಫೋರ್ಡ್ ಕೂಡ ಬಂದಿತ್ತು. ಆದರೆ ಅಲ್ಲಿ ನಡೆಯುತ್ತಿದ್ದದ್ದು ಜೋಡಣೆ. ಮರದ ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಬಂದ ಕಾರನ್ನು ಇಲ್ಲಿಯವರು ಬೋಲ್ಟು ಬಿಗಿದು, ಬಣ್ಣ ಹೊಡೆದು, ರಸ್ತೆಗೆ ಇಳಿಸುತ್ತಿದ್ದರು. ಎಂಜಿನ್ ಎರಕ ಹೊಯ್ಯುವುದಾಗಲಿ ಗೇರಿನ ಹಲ್ಲು ಕಡೆಯುವುದಾಗಲಿ ನಮ್ಮ ಕೈಗೆ ಬಂದಿರಲಿಲ್ಲ.

ಸ್ವದೇಶಿ ಚಳವಳಿ ಉರಿಯುತ್ತಿದ್ದ ಕಾಲವದು. ಚೌಕಗಳಲ್ಲಿ ಮ್ಯಾಂಚೆಸ್ಟರಿನ ಬಟ್ಟೆ ಸುಡುತ್ತಿದ್ದರು. ಸುಡುವ ಸಭೆಗೆ ಮುಖಂಡರು ಬರುತ್ತಿದ್ದದ್ದು ಅಮೆರಿಕದ ಅಥವಾ ಇಂಗ್ಲೆಂಡಿನ ಕಾರಿನಲ್ಲಿ. ಖಾದಿ ಉಟ್ಟು ವಿದೇಶಿ ಕಾರಿನಿಂದ ಇಳಿಯುವುದರಲ್ಲಿ ಯಾರಿಗೂ ವಿರೋಧಾಭಾಸ ಕಾಣಲಿಲ್ಲ. ಇದನ್ನು ಕಪಟ ಎಂದು ಮೂಗು ಮುರಿಯುವುದು ಈಗ ಸುಲಭ. ಆದರೆ ವಿದೇಶಿ ಬಟ್ಟೆ ಬಿಟ್ಟವನಿಗೆ ಮಗ್ಗವಿತ್ತು, ಚರಕವಿತ್ತು. ವಿದೇಶಿ ಕಾರು ಬಿಟ್ಟವನಿಗೆ ಎತ್ತಿನ ಗಾಡಿಯೇ ಗತಿ. ಕೊಳ್ಳುವವನ ಅಭಿಮಾನಕ್ಕೆ ಮೊದಲು ಮಾಡುವವನೊಬ್ಬ ಬೇಕಲ್ಲ. ವಿಶ್ವೇಶ್ವರಯ್ಯನವರಿಗೆ ಇದು ಹೊಳೆದಿತ್ತು. ಆದ್ದರಿಂದಲೇ ಅವರು ‘ದೇಶಿ ಕಾರು ಕೊಳ್ಳಿ’ ಎಂದು ಭಾಷಣ ಮಾಡದೆ, ಮಾಡಲು ಎಷ್ಟು ಬಂಡವಾಳ ಬೇಕೆಂದು ಲೆಕ್ಕ ಹಾಕುತ್ತ ಕೂತರು.

ಲೆಕ್ಕ ಸಿದ್ಧವಾಯಿತು. ಹಣ ಹಾಕುವ ಎದೆಗಾರನೂ ಸಿಕ್ಕಿದ. ಸೋಲಾಪುರದಲ್ಲಿ ಹುಟ್ಟಿದ ವಾಲ್‌ಚಂದ್ ಹೀರಾಚಂದ್ ರೈಲ್ವೆ ಗುತ್ತಿಗೆ ಹಿಡಿದು ಬೆಳೆದವರು. 1919ರಲ್ಲೇ ಸಿಂಧಿಯಾ ಹಡಗು ಕಂಪನಿ ಕಟ್ಟಿ ಬ್ರಿಟಿಷ್ ಹಡಗು ಮಾಲೀಕರ ಎದುರು ನಿಂತವರು. ಹಡಗು, ವಿಮಾನ, ಕಾರು ಮೂರನ್ನೂ ಈ ನೆಲದಲ್ಲೇ ಮಾಡಬೇಕೆಂಬ ಹುಚ್ಚು ಅವರಿಗಿತ್ತು. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಬಿ.ಜಿ. ಖೇರ್ ನೇತೃತ್ವದ ಕಾಂಗ್ರೆಸ್ ಮಂತ್ರಿಮಂಡಲ ಬಂದಾಗ ದಾರಿ ತೆರೆದಂತಾಯಿತು. ಕಾರ್ಖಾನೆಗೆ ಸರ್ಕಾರದ ಖಾತ್ರಿ ಸಿಗುವ ಮಾತು ನಡೆಯಿತು. ಅಷ್ಟರಲ್ಲಿ 1939ರ ಯುದ್ಧ. ಭಾರತೀಯರನ್ನು ಕೇಳದೆಯೇ ಭಾರತವನ್ನು ಯುದ್ಧಕ್ಕೆ ಎಳೆದದ್ದಕ್ಕೆ ಕಾಂಗ್ರೆಸ್ ಮಂತ್ರಿಗಳು ಎಲ್ಲೆಡೆ ರಾಜೀನಾಮೆ ಕೊಟ್ಟರು. ಮುಂಬಯಿಯ ಖಾತ್ರಿಯೂ ಅವರ ಜೊತೆ ಹೋಯಿತು.

ಆಗ ಕಣ್ಣು ತಿರುಗಿದ್ದು ಮೈಸೂರಿನತ್ತ. ಇಲ್ಲಿ ದಿವಾನ ಮಿರ್ಜಾ ಇಸ್ಮಾಯಿಲ್. ಸಂಸ್ಥಾನ ಅಷ್ಟು ಹೊತ್ತಿಗಾಗಲೇ ಕಬ್ಬಿಣ, ಗಂಧದ ಸಾಬೂನು, ರೇಷ್ಮೆ, ಕಾಗದ ಎಂದು ಒಂದೊಂದಾಗಿ ಕಾರ್ಖಾನೆ ಹೂಡಿತ್ತು. ವಿದ್ಯುತ್ತಿತ್ತು, ವಿಜ್ಞಾನ ಸಂಸ್ಥೆಯಿತ್ತು, ಕಸುಬುದಾರರಿದ್ದರು. ಮಿರ್ಜಾ ಒಪ್ಪಿದರು. ಬೆಂಗಳೂರಿನಲ್ಲಿ ಕಾರು ಹುಟ್ಟುವುದು ಇನ್ನೇನು ನಿಶ್ಚಯವೆಂಬಂತಿತ್ತು.

ಆದರೆ ಸಂಸ್ಥಾನ ಎಷ್ಟೇ ಮುಂದುವರಿದಿದ್ದರೂ ಹಗ್ಗದ ತುದಿ ದಿಲ್ಲಿಯಲ್ಲಿತ್ತು. ಯಂತ್ರ ತರಿಸಲು ಡಾಲರ್ ಬೇಕು, ಹಡಗಿನಲ್ಲಿ ಜಾಗ ಬೇಕು, ಎರಡಕ್ಕೂ ಬ್ರಿಟಿಷರ ಅಪ್ಪಣೆ ಬೇಕು. ಕಾರಿನ ಕಾರ್ಖಾನೆ ಯುದ್ಧಕ್ಕೆ ಅಗತ್ಯವಲ್ಲ ಎಂಬ ಉತ್ತರ ಬಂತು. ಅದೇ ಯುದ್ಧಕ್ಕೆ ಬೇಕಾದ ಲಾರಿಗಳನ್ನು ಮುಂಬಯಿಯ ಅಮೆರಿಕನ್ ಜೋಡಣೆ ಘಟಕಗಳು ಬಿಡುವಿಲ್ಲದೆ ಬಿಗಿದು ಕೊಡುತ್ತಿದ್ದವು ಎಂಬುದನ್ನು ನೆನೆದರೆ ಈ ಉತ್ತರದ ರುಚಿ ತಿಳಿಯುತ್ತದೆ. ಲಾರಿ ಬೇಕಿತ್ತು, ಲಾರಿ ಮಾಡಬಲ್ಲ ಭಾರತೀಯ ಬೇಡವಾಗಿದ್ದ.

ಇಲ್ಲಿಂದ ಮುಂದೆ ಕಥೆ ವಿಚಿತ್ರವಾಗಿ ಹೊರಳುತ್ತದೆ. ಕಾರಿನ ಮಾತುಕತೆಗೆಂದು 1939ರಲ್ಲಿ ವಾಲ್‌ಚಂದ್ ಅಮೆರಿಕಕ್ಕೆ ಹೋಗಿದ್ದರು. ಫೋರ್ಡ್ ಜೊತೆಗಿನ ಮಾತು ಫಲಿಸಲಿಲ್ಲ, ಕ್ರೈಸ್ಲರ್ ಕಂಪನಿ ಒಲಿಯಿತು. ಈ ಪ್ರಯಾಣದಲ್ಲಿ, ಪೆಸಿಫಿಕ್ ಸಾಗರ ದಾಟುವ ವಿಮಾನದೊಳಗೆ, ವಿಲಿಯಂ ಪಾಲಿ ಎಂಬ ಅಮೆರಿಕನ್ನನ ಪರಿಚಯವಾಯಿತು. ಆತ ಚೀನಾದಲ್ಲಿ ವಿಮಾನ ಜೋಡಿಸುವ ಕಾರ್ಖಾನೆ ನಡೆಸುತ್ತಿದ್ದ. ಕಾರು ಕೇಳಿದರೆ ಅಲ್ಲಗಳೆಯುವ ಸರ್ಕಾರ, ಯುದ್ಧದ ನಡುವೆ ವಿಮಾನ ಬೇಡವೆನ್ನಲಾದೀತೆ? ವಾಲ್‌ಚಂದ್ ಪಟ್ಟು ಬದಲಿಸಿದರು. ಮಿರ್ಜಾ 700 ಎಕರೆ ಭೂಮಿ ಕೊಟ್ಟರು, ಸಂಸ್ಥಾನ ಷೇರು ಹಣ ಹಾಕಿತು. 1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು. ಮರುವರ್ಷವೇ ಅಲ್ಲಿ ಜೋಡಿಸಿದ ತರಬೇತಿ ವಿಮಾನವೊಂದು ಆಕಾಶಕ್ಕೇರಿತು. ಅದರ ಮರುವರ್ಷ, 1942ರಲ್ಲಿ, ಭಾರತ ಸರ್ಕಾರ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. ಇವತ್ತು ಎಚ್‌ಎಎಲ್ ಎನ್ನುವುದು ಅದನ್ನೇ.

ಹೀಗೆ ಬೆಂಗಳೂರು ವಿಮಾನದ ಊರಾಯಿತು, ಕಾರಿನ ಊರಾಗಲಿಲ್ಲ. ಎಚ್‌ಎಎಲ್ ಬಂತು, ಅದರ ಬೆನ್ನಿಗೆ ಎಷ್ಟೋ ಬಂದವು. ನಷ್ಟವಾಯಿತೆಂದು ಗೋಳಾಡಲು ಬೆಂಗಳೂರಿಗರಿಗೆ ಕಾರಣವೇನೂ ಇಲ್ಲ. ಕಾರು ಮಾತ್ರ ಬೇರೆ ಊರುಗಳಲ್ಲಿ ಹುಟ್ಟಿತು. ವಿಶ್ವೇಶ್ವರಯ್ಯನವರು ಲೆಕ್ಕ ಹಾಕಿ ಹತ್ತು ವರ್ಷ ಕಳೆದ ಮೇಲೆ.

ವಾಲ್‌ಚಂದ್ 1944ರಲ್ಲಿ ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿಸಿದರು. 1947ರಲ್ಲಿ ಅಲ್ಲಿಂದ ಕ್ರೈಸ್ಲರ್ ಬಳಗದ ಡಾಡ್ಜ್, ಡಿಸೋಟೊ, ಪ್ಲಿಮತ್ ಕಾರುಗಳು ಹೊರಬಿದ್ದವು. ಅವರಿಗಿಂತ ಎರಡು ವರ್ಷ ಮೊದಲೇ, 1942ರಲ್ಲಿ, ಬಿ.ಎಂ. ಬಿರ್ಲಾ ಗುಜರಾತಿನ ಓಖಾ ಬಂದರಿನಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಆರಂಭಿಸಿದ್ದರು; 1948ರಲ್ಲಿ ಅದು ಕೋಲ್ಕತ್ತದ ಹತ್ತಿರದ ಉತ್ತರಪಾಡಾಕ್ಕೆ ಹೋಯಿತು. ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಕಂಪನಿ ತಲೆಯೆತ್ತಿತು. ಮುಂದಿನ ಮೂರು ದಶಕ ನಮ್ಮ ರಸ್ತೆಯನ್ನು ಆಳಿದ್ದು ಈ ಮೂವರು.

ಈ ಕಾರುಗಳ ಹೆಸರು ನೋಡುತ್ತ ಹೋದರೆ ಆ ಕಾಲದ ಮನಸ್ಸು ಅರ್ಥವಾಗುತ್ತದೆ. ಇಂಗ್ಲೆಂಡಿನ ಮಾರಿಸ್ 10 ಇಲ್ಲಿ ‘ಹಿಂದೂಸ್ತಾನ್ 10’ ಆಯಿತು. ಮಾರಿಸ್ ಮೈನರ್ ‘ಬೇಬಿ ಹಿಂದೂಸ್ತಾನ್’. ಮಾರಿಸ್ ಆಕ್ಸ್‌ಫರ್ಡ್‌ನ ಮೂರನೇ ಆವೃತ್ತಿ 1950ರ ದಶಕದ ಕೊನೆಗೆ ‘ಅಂಬಾಸಿಡರ್’ ಎಂಬ ಪಟ್ಟ ಪಡೆಯಿತು. ಇಟಲಿಯ ಫಿಯಟ್ 1100 ಮುಂಬಯಿಯಲ್ಲಿ ಮೊದಲು ಫಿಯಟ್ ಆಗಿಯೇ ಇತ್ತು. ಮುಂಬಯಿಗರು ಅದರ ಹಳೆಯ ಗುಂಡುಮೈಯ ಮಾದರಿಯನ್ನು ‘ಡುಕ್ಕರ್ ಫಿಯಟ್’ ಎಂದರು, ಅಂದರೆ ಹಂದಿ ಫಿಯಟ್. 1970ರ ದಶಕದಲ್ಲಿ ಅದೇ ವಂಶದ ಕಾರು ಮೊದಲು ‘ಪ್ರೆಸಿಡೆಂಟ್’ ಆಗಿ, ಆಮೇಲೆ ಚಿತ್ತೋಡದ ರಾಣಿಯ ಹೆಸರು ತೊಟ್ಟು ‘ಪದ್ಮಿನಿ’ಯಾಯಿತು. ಹಂದಿಯಿಂದ ರಾಣಿಯವರೆಗೆ! ಎರಕ ಅವರದು, ಅಚ್ಚು ಅವರದು, ನಾಮಕರಣ ನಮ್ಮದು. ಇದನ್ನು ಹೀಯಾಳಿಸುವ ಮನಸ್ಸು ನನಗಿಲ್ಲ. ಕೊಂಡು ತಂದ ಮೂರ್ತಿಗೂ ಪ್ರಾಣಪ್ರತಿಷ್ಠೆ ಮಾಡಿದ ಮೇಲೆ ಅದು ಊರ ದೇವರೇ.

ಮತ್ತೆ, ಆ ಅಚ್ಚಿನಿಂದ ಎರಕ ಹೊಯ್ಯುವುದನ್ನು ನಮ್ಮವರು ನಿಜಕ್ಕೂ ಕಲಿತರು. 1953ರಲ್ಲಿ ಸುಂಕ ಆಯೋಗ ಖಡಾಖಂಡಿತವಾಗಿ ಹೇಳಿತು: ಇಲ್ಲಿಯೇ ಭಾಗಗಳನ್ನು ತಯಾರಿಸುವ ಯೋಜನೆ ಇದ್ದವರಿಗೆ ಮಾತ್ರ ಜಾಗ, ಪೆಟ್ಟಿಗೆ ಬಿಚ್ಚಿ ಬೋಲ್ಟು ಬಿಗಿಯುವವರಿಗೆ ಇಲ್ಲ. ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಗಂಟುಮೂಟೆ ಕಟ್ಟಿದವು. (1990ರ ದಶಕದಲ್ಲಿ ಇಬ್ಬರೂ ಮರಳಿ ಬಂದರು, ಮತ್ತೆ ಇಬ್ಬರೂ ಹೋದರು. ಜನರಲ್ ಮೋಟಾರ್ಸ್ 2017ರಲ್ಲಿ ಇಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ ಕಾರ್ಖಾನೆ ಮುಚ್ಚುವುದಾಗಿ ಸಾರಿತು. ಆಗ ಯಾರೂ ಅಟ್ಟಿರಲಿಲ್ಲ. ಕೊಳ್ಳುವವರೇ ಸಾಕಷ್ಟು ಸಿಗಲಿಲ್ಲ.)

ವಿದೇಶಿ ಪೈಪೋಟಿ ಇಲ್ಲವಾಯಿತು. ದೇಶಿ ಕಾರು ಕೊಳ್ಳುವುದು ಅಭಿಮಾನದ ಪ್ರಶ್ನೆಯಾಗಿ ಉಳಿಯದೆ ಹೋದದ್ದು ಇಲ್ಲಿಂದಲೇ ಎಂದು ನನಗನ್ನಿಸುತ್ತದೆ. ಅಂಗಡಿಯಲ್ಲಿ ಒಂದೇ ಅಕ್ಕಿ ಇದ್ದಾಗ ಅದನ್ನೇ ಕೊಂಡವನು ಆ ಅಕ್ಕಿಯ ಭಕ್ತನೆಂದು ಹೇಗೆ ಹೇಳುವುದು? 1959ರಿಂದ ಕಾರನ್ನು ಯಾರಿಗೆ, ಯಾವ ಸರದಿಯಲ್ಲಿ ಕೊಡಬೇಕೆಂಬುದಕ್ಕೂ ಸರ್ಕಾರಿ ಆಜ್ಞೆ ಬಂತು. ಎಷ್ಟು ಮಾಡಬೇಕೆಂಬುದಕ್ಕೆ ಲೈಸೆನ್ಸು, ಎಷ್ಟಕ್ಕೆ ಮಾರಬೇಕೆಂಬುದಕ್ಕೆ ನಿಯಂತ್ರಣ. ಬೆಲೆಯ ಜಗಳ 1970ರ ದಶಕದ ಆರಂಭದಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೂ ಹತ್ತಿತು. ದೇಶದಲ್ಲಿ ವರ್ಷಕ್ಕೆ ತಯಾರಾಗುತ್ತಿದ್ದ ಕಾರು 1980ರ ಹೊತ್ತಿಗೂ 30 ಸಾವಿರದ ಆಸುಪಾಸು. ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕು. ಸರದಿ ಬಂದ ಕಾಗದವನ್ನೇ ಹೆಚ್ಚಿನ ಹಣಕ್ಕೆ ಮಾರಿಕೊಳ್ಳುವ ದಂಧೆ ಹುಟ್ಟಿತು.

ಆ ಕಾಲದಲ್ಲಿ ಕಾರು ಎಷ್ಟು ದೊಡ್ಡ ಮಾತಾಗಿತ್ತು ಎನ್ನಲು ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಫಿಯಟ್ ಸಾಕು. ಪ್ರಧಾನಿಯಾದ ಮೇಲೆ, ಮಕ್ಕಳ ಒತ್ತಾಯಕ್ಕೆ, 12 ಸಾವಿರ ರೂಪಾಯಿಯ ಕಾರು ಕೊಳ್ಳಲು ಹೊರಟರೆ ಅವರ ಖಾತೆಯಲ್ಲಿ ಏಳು ಸಾವಿರವಷ್ಟೇ ಇತ್ತು. ಪಂಜಾಬ್ ನ್ಯಾಷನಲ್ ಬ್ಯಾಂಕಿನಿಂದ 5,000 ಸಾಲ ತೆಗೆದರು. 1966ರಲ್ಲಿ ತಾಷ್ಕೆಂಟಿನಲ್ಲಿ ಅವರು ತೀರಿಕೊಂಡಾಗ ಸಾಲ ಬಾಕಿ ಇತ್ತು. ಲಲಿತಾ ಶಾಸ್ತ್ರಿಯವರು ತಮ್ಮ ಪಿಂಚಣಿಯಿಂದ ತೀರಿಸಿದರು.

ನಮ್ಮ ಊರಿನಲ್ಲಿ ಇದ್ದದ್ದು ಒಂದೇ ಬಾಡಿಗೆ ಅಂಬಾಸಿಡರ್. ಹೆರಿಗೆಗೂ ಅದೇ, ದಿಬ್ಬಣಕ್ಕೂ ಅದೇ. ಹಿಂದೆ ಆರು ಜನ, ಮುಂದೆ ನಾಲ್ಕು; ಡ್ರೈವರ್ ಸಾಬರು ಬಾಗಿಲಿಗೆ ಒತ್ತರಿಸಿಕೊಂಡು, ಸ್ಟೇರಿಂಗ್ ಪಕ್ಕದ ಹ್ಯಾಂಡ್ ಗೇರನ್ನು ಪಕ್ಕದವನ ಮೊಣಕಾಲು ಸರಿಸಿ ಹಾಕುತ್ತಿದ್ದರು. ಡಿಕ್ಕಿಯಲ್ಲಿ ಪಾತ್ರೆ, ತಲೆಯ ಮೇಲಿನ ಕ್ಯಾರಿಯರಿನಲ್ಲಿ ಬಾಳೆಗೊನೆ. ಅದರಲ್ಲಿ ಹಾರ್ನ್ ಬಿಟ್ಟು ಉಳಿದೆಲ್ಲವೂ ಸದ್ದು ಮಾಡುತ್ತದೆ ಎಂಬ ಜೋಕು ದೇಶಕ್ಕೆಲ್ಲ ಗೊತ್ತಿತ್ತು, ಸಾಬರೇ ಹೇಳಿ ನಗುತ್ತಿದ್ದರು. ಆದರೆ ಯಾವುದೇ ಊರಿನ ಯಾವುದೇ ಮರದ ಕೆಳಗೆ ಒಂದು ಸ್ಪ್ಯಾನರು, ಒಂದು ಸುತ್ತಿಗೆ ಇದ್ದರೆ ಅದು ಮತ್ತೆ ಹೊರಡುತ್ತಿತ್ತು. ಬಿಡಿಭಾಗ ಬೇಕೆಂದರೆ ಬೆಂಗಳೂರಿನ ಜೆ.ಸಿ. ರಸ್ತೆ. ಮೆಕ್ಯಾನಿಕ್ಕುಗಳ ಒಂದು ದೊಡ್ಡ ಬಳಗಕ್ಕೆ ಎಂಜಿನ್ನಿನ ಒಳಮರ್ಮವನ್ನು ಕಲಿಸಿದ್ದು ಈ ಎರಡು ಮೂರು ಹಳೆಯ ಕಾರುಗಳು. ವಿಶ್ವೇಶ್ವರಯ್ಯನವರು ಬಯಸಿದ ವಿದ್ಯೆ ಕಾರ್ಖಾನೆಯ ನೆಲದಲ್ಲಿ ಬೆಳೆದಷ್ಟೇ ಈ ಗ್ಯಾರೇಜುಗಳಲ್ಲೂ ಬೆಳೆಯಿತು ಎಂದರೆ ಅವರು ಬಹುಶಃ ಹುಬ್ಬೇರಿಸುತ್ತಿದ್ದರು.

ಅದೇ ಹೊತ್ತಿಗೆ ನಮ್ಮ ಮಾತಿನಲ್ಲಿ ‘ಫಾರಿನ್’ ಎಂಬ ಪದ ಏನಾಗಿತ್ತು ನೆನಪಿಸಿಕೊಳ್ಳಿ. ಫಾರಿನ್ ಸೀರೆ, ಫಾರಿನ್ ಟೇಪ್‌ರೆಕಾರ್ಡರ್, ಫಾರಿನ್ ಸೆಂಟು. ಅದು ದೇಶದ ಸೂಚನೆಯಲ್ಲ, ಗುಣದ ಸರ್ಟಿಫಿಕೇಟು. ರಾಯಭಾರ ಕಚೇರಿಗಳವರು ಬಳಸಿ ಬಿಟ್ಟ ಕಾರುಗಳನ್ನು ಸರ್ಕಾರಿ ವಾಣಿಜ್ಯ ನಿಗಮ ಹರಾಜು ಹಾಕಿದರೆ ಸಿನಿಮಾದವರೂ ವ್ಯಾಪಾರಿಗಳೂ ಮುಗಿಬೀಳುತ್ತಿದ್ದರು. ‘ಇಂಪಾಲಾ’ ಎಂಬುದು ಕಾರಿನ ಹೆಸರಿಗಿಂತ ಹೆಚ್ಚಾಗಿ ಶ್ರೀಮಂತಿಕೆಯ ಹೆಸರು. ಮೂವತ್ತು ವರ್ಷದ ರಕ್ಷಣೆ ದೇಶಿ ಕಾರನ್ನು ಬದುಕಿಸಿತು. ಅದರ ಮೇಲೆ ಪ್ರೀತಿ ಹುಟ್ಟಿಸುವುದು ಮಾತ್ರ ಅದರ ಕೈಲಾಗಲಿಲ್ಲ. ಈಗ ನಾವು ಅಂಬಾಸಿಡರನ್ನು ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುವುದು, ಕೊಳ್ಳಬೇಕಾದ ಕಷ್ಟ ತಪ್ಪಿದ ಮೇಲಿನ ಮಾತು.

ಸಾಮಾನ್ಯನಿಗೊಂದು ಸಣ್ಣ ಕಾರು ಬೇಕೆಂಬ ಚರ್ಚೆ 1950ರ ದಶಕದ ಕೊನೆಯಿಂದಲೇ ಸಮಿತಿಯಿಂದ ಸಮಿತಿಗೆ ಸಾಗುತ್ತಿತ್ತು. ಅದನ್ನು ಕೈಗೆತ್ತಿಕೊಂಡದ್ದು ಇಂಗ್ಲೆಂಡಿನ ಕ್ರೂ ಪಟ್ಟಣದ ರೋಲ್ಸ್ ರಾಯ್ಸ್‌ನಲ್ಲಿ ತರಬೇತಿಗೆ ಸೇರಿ ಬಂದ ಸಂಜಯ್ ಗಾಂಧಿ. 1971ರಲ್ಲಿ ಮಾರುತಿ ಲಿಮಿಟೆಡ್ ಶುರುವಾಯಿತು, ಹರಿಯಾಣದ ಗುರಗಾಂವಿನಲ್ಲಿ ಭೂಮಿ ಸಿಕ್ಕಿತು. ಅನುಮತಿಗೆ ಷರತ್ತು: ವಿದೇಶಿ ಸಹಯೋಗ ಇರಕೂಡದು, ಯಂತ್ರ ವಸ್ತುಗಳ ಆಮದೂ ಇಲ್ಲ. ಕಾಗದದ ಮೇಲೆ ನೂರಕ್ಕೆ ನೂರು ಸ್ವದೇಶಿ. ಒಂದೆರಡು ಮಾದರಿಗಳು ಪ್ರದರ್ಶನಕ್ಕೆ ಬಂದವು, ಕಾರು ಮಾರುಕಟ್ಟೆಗೆ ಬರಲಿಲ್ಲ. ತುರ್ತು ಪರಿಸ್ಥಿತಿ ಮುಗಿದು 1977ರಲ್ಲಿ ಸರ್ಕಾರ ಬದಲಾದ ಮೇಲೆ ಕಂಪನಿ ಮುಚ್ಚಿತು.

ಸಂಜಯ್ ತೀರಿಕೊಂಡ ನಂತರ ಸರ್ಕಾರವೇ ಮಾರುತಿಯನ್ನು ವಹಿಸಿಕೊಂಡಿತು. 1981ರಲ್ಲಿ ಮಾರುತಿ ಉದ್ಯೋಗ್ ಆಯಿತು. ಬಿಎಚ್‌ಇಎಲ್‌ನಲ್ಲಿ ಹೆಸರು ಮಾಡಿದ ವಿ. ಕೃಷ್ಣಮೂರ್ತಿ ಮತ್ತು ಐಎಎಸ್ ಅಧಿಕಾರಿ ಆರ್.ಸಿ. ಭಾರ್ಗವ ಯುರೋಪು ಜಪಾನುಗಳ ಬಾಗಿಲು ತಟ್ಟಿದರು. ಕೊನೆಗೆ ಕೈ ಹಿಡಿದದ್ದು ಜಪಾನಿನ ಸಣ್ಣ ಕಂಪನಿ ಸುಜುಕಿ. 1982ರ ಅಕ್ಟೋಬರ್ 2ರಂದು, ಸ್ವದೇಶಿಯ ಮಹಾಗುರು ಹುಟ್ಟಿದ ದಿನದಂದೇ, ಜಪಾನಿನವರೊಂದಿಗೆ ಒಪ್ಪಂದಕ್ಕೆ ಸಹಿಯಾಯಿತು. ದಿನಾಂಕ ಆರಿಸಿದವರಿಗೆ ಹಾಸ್ಯಪ್ರಜ್ಞೆ ಇತ್ತೋ ಇರಲಿಲ್ಲವೋ! ಮರುವರ್ಷ ಡಿಸೆಂಬರ್ 14, ಸಂಜಯ್ ಜನ್ಮದಿನದಂದು, ಇಂದಿರಾ ಗಾಂಧಿ ಮೊದಲ ಕಾರಿನ ಕೀಲಿಕೈ ಕೊಟ್ಟರು. ಕಾರು ಕೈಗೆ ಬರುವ ಮೊದಲೇ ತಲಾ 10 ಸಾವಿರ ಮುಂಗಡ ಕಟ್ಟಿದವರು ಲಕ್ಷಕ್ಕೂ ಹೆಚ್ಚು.

ಆ ಮೊದಲ ಮಾರುತಿ 800ಗಳನ್ನು ಬೆಂಕಿಪೊಟ್ಟಣ ಎಂದು ನಕ್ಕವರಿದ್ದರು. ಅವು ಬಹುಪಾಲು ಜಪಾನಿನಿಂದ ಬಿಡಿಬಿಡಿಯಾಗಿ ಬಂದು ಗುರಗಾಂವಿನಲ್ಲಿ ಜೋಡಣೆಯಾದವು. ಅಂದರೆ 1953ರಲ್ಲಿ ಯಾವ ತಪ್ಪಿಗೆ ಇಬ್ಬರು ಅಮೆರಿಕನ್ನರನ್ನು ಹೊರಗೆ ಕಳಿಸಿದ್ದೆವೋ ಅದೇ ಕೆಲಸ, ಈ ಸಲ ಸರ್ಕಾರಿ ಕಂಪನಿಯಲ್ಲಿ. ಆದರೂ ಜನ ಅದನ್ನು ಜಪಾನಿನ ಕಾರು ಎನ್ನಲಿಲ್ಲ. ಹನುಮಂತನ ಹೆಸರು ಹೊತ್ತದ್ದು ಹೇಗೆ ಜಪಾನಿನದಾದೀತು? ‘ನಮ್ಮ ಮಾರುತಿ’ ಅಂದರು. ಮೊದಲ ದಿನವೇ ಅಂದರು.

ಭಾಗಗಳು ಇಲ್ಲಿ ತಯಾರಾಗತೊಡಗಿದ್ದಕ್ಕೆ ಸರ್ಕಾರದ ಒತ್ತಾಯ ಒಂದು ಕಾರಣ. ಇನ್ನೊಂದು ಕಾರಣ ಯೆನ್. 1985ರಲ್ಲಿ ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಐದು ದೇಶಗಳ ಹಣಕಾಸು ಮಂತ್ರಿಗಳು ಡಾಲರ್ ಇಳಿಸುವ ಒಪ್ಪಂದಕ್ಕೆ ಬಂದರು. ಯೆನ್ ಬೆಲೆ ಭರ್ರನೆ ಏರಿತು. ಜಪಾನಿನಿಂದ ತರಿಸುವ ಒಂದೊಂದು ಭಾಗವೂ ಕೈ ಸುಡತೊಡಗಿದಾಗ, ಇಲ್ಲೇ ಮಾಡಿಸದೆ ವಿಧಿಯಿರಲಿಲ್ಲ. ಗುರಗಾಂವಿನ ಸುತ್ತ ಸೀಟು, ಗಾಜು, ದೀಪ, ಸ್ಟೇರಿಂಗ್ ಮಾಡುವ ಘಟಕಗಳು ಎದ್ದವು. ದೇಶಭಕ್ತಿಯ ಭಾಷಣಗಳು ಮೂವತ್ತು ವರ್ಷದಲ್ಲಿ ಮಾಡಿದ್ದಕ್ಕಿಂತ ಹೆಚ್ಚಿನ ಸ್ವದೇಶೀಕರಣವನ್ನು ಜಪಾನಿನ ದುಬಾರಿ ನಾಣ್ಯ ಕೆಲವೇ ವರ್ಷದಲ್ಲಿ ಮಾಡಿಸಿತು ಎಂದರೆ ಸ್ವಲ್ಪ ಉತ್ಪ್ರೇಕ್ಷೆಯಾದೀತು, ತೀರಾ ಸುಳ್ಳಾಗದು. ಕಾರ್ಖಾನೆಯೊಳಗೆ ಮ್ಯಾನೇಜರನಿಗೂ ಕಾರ್ಮಿಕನಿಗೂ ಒಂದೇ ಸಮವಸ್ತ್ರ, ಒಂದೇ ಕ್ಯಾಂಟೀನು. ನಮ್ಮ ಕಚೇರಿಗಳ ಜಾತಿ ಪದ್ಧತಿ ಕಂಡವರಿಗೆ ಎಂಜಿನ್ನಿಗಿಂತ ಇದು ಹೆಚ್ಚು ವಿದೇಶಿಯಾಗಿ ಕಂಡಿರಬೇಕು. ಸುಜುಕಿಯ ಪಾಲು ಮೊದಲು ಶೇಕಡಾ 26 ಇದ್ದದ್ದು 1992ರಲ್ಲಿ 50 ಆಯಿತು, 2002ರಲ್ಲಿ ಅರ್ಧಕ್ಕಿಂತ ಮೇಲಾಯಿತು. 2007ರಲ್ಲಿ ಸರ್ಕಾರ ತನ್ನ ಕೊನೆಯ ಷೇರುಗಳನ್ನೂ ಮಾರಿತು. ಕಂಪನಿ ಜಪಾನಿನದಾಗುತ್ತ ಹೋದಂತೆ ಕಾರು ಮಾತ್ರ ಹೆಚ್ಚು ಹೆಚ್ಚು ನಮ್ಮದಾಗುತ್ತ ಹೋಯಿತು.

1991ರ ನಂತರ ಬಾಗಿಲು ಪೂರ್ತಿ ತೆರೆಯಿತು. ಕರ್ನಾಟಕದಲ್ಲಿ ಆಗ ವಿದೇಶಿ ಕಂಪನಿಗಳ ವಿರುದ್ಧ ಎದ್ದ ಕೂಗು ದೇಶದಲ್ಲೇ ದೊಡ್ಡದು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘದವರು 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಕಚೇರಿಗೆ ನುಗ್ಗಿ ಕಡತಗಳನ್ನು ಬೀದಿಗೆಸೆದು ಸುಟ್ಟರು. 1996ರ ಜನವರಿಯಲ್ಲಿ ಕೆಂಟಕಿ ಫ್ರೈಡ್ ಚಿಕನ್ ಮಳಿಗೆಯ ಮೇಲೆ ದಾಳಿಯಾಯಿತು. ಅದೇ ವರ್ಷಗಳಲ್ಲಿ ಅದೇ ಬೆಂಗಳೂರಿನ ರಸ್ತೆಗೆ ಕೊರಿಯಾದ ಸಿಯೆಲೊ, ಜರ್ಮನ್ ಮೂಲದ ಓಪೆಲ್ ಆಸ್ಟ್ರಾ, ಫೋರ್ಡ್ ಎಸ್ಕಾರ್ಟ್ ಇಳಿದವು. ಬಿಡದಿಯಲ್ಲಿ ಟೊಯೊಟಾ ಕಾರ್ಖಾನೆಗೆ ನೆಲ ಸಿದ್ಧವಾಯಿತು. ಕಾರಿನ ಶೋರೂಮಿಗೆ ಯಾರೂ ಕಲ್ಲು ಹೊಡೆದ ನೆನಪಿಲ್ಲ. ಬೀಜ ರೈತನ ಬದುಕು, ಕೋಳಿ ಊಟದ ತಟ್ಟೆ. ಅಲ್ಲಿ ವಿದೇಶಿ ಕೈ ಬಿದ್ದರೆ ನೋಯುತ್ತದೆ. ಕಾರು ಎಂದೂ ನಮ್ಮ ಅಂಥ ಒಳಗಿನ ವಸ್ತುವಾಗಿರಲಿಲ್ಲವೋ ಏನೋ.

ಹಾಗೆಂದು ದೇಶಿ ಕಾರಿನ ಆಸೆ ಸತ್ತಿರಲಿಲ್ಲ. ಮಾರುತಿ 800ರ ಬೆಲೆ, ಅಂಬಾಸಿಡರಿನ ಒಳಜಾಗ, ಡೀಸೆಲಿನ ಖರ್ಚು, ಇಷ್ಟೂ ಇರುವ ಕಾರೊಂದನ್ನು ಇಲ್ಲೇ ರೂಪಿಸುತ್ತೇವೆಂದು ರತನ್ ಟಾಟಾ ಹೊರಟಾಗ ನಕ್ಕವರೇ ಹೆಚ್ಚು. 1998ರ ಡಿಸೆಂಬರ್ 30ರಂದು ಇಂಡಿಕಾ ಬಿಡುಗಡೆಯಾಯಿತು, ಹೆಸರಿನಲ್ಲೇ ದೇಶ. ಒಂದು ವಾರದೊಳಗೆ 1.15 ಲಕ್ಷ ಬುಕಿಂಗ್, ಅದೂ ಪೂರ್ತಿ ಹಣ ಕಟ್ಟಿ. ಇದು ಹೊಸದು: ಈಗ ಬೇರೆ ಕಾರು ಸಿಗುತ್ತಿತ್ತು, ಆದರೂ ಜನ ಇದನ್ನು ಆರಿಸಿದರು. ಮೊದಲ ತಂಡದ ಕಾರುಗಳಲ್ಲಿ ದೂರು ಬಂತು. ಕಂಪನಿ ತಿದ್ದಿ 2001ರಲ್ಲಿ ವಿ2 ತಂದಿತು, ಅದು ಗೆದ್ದಿತು. ಇಂಡಿಕಾದ ಹೊರಮೈಯನ್ನು ತಿದ್ದಿದವರು ಇಟಲಿಯ ಟುರಿನ್‌ನ ವಿನ್ಯಾಸಕಾರರು. ಪುಣೆಯಲ್ಲಿ ಅದನ್ನು ಕಟ್ಟಿದ ಯಂತ್ರಗಳಲ್ಲಿ ಬಹಳಷ್ಟು ಆಸ್ಟ್ರೇಲಿಯಾದಲ್ಲಿ ನಿಸಾನ್ ಮುಚ್ಚಿದ ಕಾರ್ಖಾನೆಯಿಂದ ಬಿಚ್ಚಿ ತಂದವು. ಇದನ್ನು ಕೇಳಿ ಕೆಲವರು ‘ಹಾಗಾದರೆ ಸ್ವದೇಶಿ ಎಲ್ಲಿ?’ ಎನ್ನುತ್ತಾರೆ. ಯಾವುದನ್ನು ಎಲ್ಲಿಂದ ತರಬೇಕೆಂದು ತೀರ್ಮಾನಿಸಿದ ತಲೆ ಪುಣೆಯಲ್ಲಿತ್ತು, ನನಗೆ ಅಷ್ಟು ಸಾಕು. 2008ರಲ್ಲಿ ಅದೇ ಕಂಪನಿ ಫೋರ್ಡ್ ಕೈಯಿಂದ ಜಾಗ್ವಾರ್ ಲ್ಯಾಂಡ್ ರೋವರ್ ಕೊಂಡಾಗ ಲೆಕ್ಕ ಇನ್ನೂ ಗೋಜಲಾಯಿತು. ಇಂಗ್ಲೆಂಡಿನಲ್ಲಿ ತಯಾರಾಗುವ ಟಾಟಾ, ಹರಿಯಾಣದಲ್ಲಿ ತಯಾರಾಗುವ ಸುಜುಕಿ. ಅಭಿಮಾನದಿಂದ ಕೊಳ್ಳುವವನು ಯಾವ ಅಂಗಡಿಗೆ ಹೋಗಬೇಕು?

ಅಂಬಾಸಿಡರಿನ ಕೊನೆಯೂ ಬಂತು. 2001ರ ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ದಾಳಿ ಮಾಡಿದವರು ಬಂದದ್ದು ಗೃಹ ಇಲಾಖೆಯ ನಕಲಿ ಚೀಟಿ ಅಂಟಿಸಿದ, ಕೆಂಪು ದೀಪದ ಬಿಳಿ ಅಂಬಾಸಿಡರಿನಲ್ಲಿ. ಆ ಕಾರನ್ನು ಕಂಡರೆ ಗೇಟು ತಾನಾಗಿ ತೆರೆಯುತ್ತದೆಂದು ಅವರಿಗೆ ಗೊತ್ತಿತ್ತು. ಅದಾಗಿ ಕೆಲವೇ ವರ್ಷದಲ್ಲಿ ಪ್ರಧಾನಿ ವಾಜಪೇಯಿಯವರ ಪ್ರಯಾಣ ಗುಂಡು ತಡೆಯುವ ಬಿಎಂಡಬ್ಲ್ಯುಗೆ ಬದಲಾಯಿತು. 2014ರ ಮೇ ತಿಂಗಳಲ್ಲಿ ಉತ್ತರಪಾಡಾ ಕಾರ್ಖಾನೆ ನಿಂತಿತು. 2017ರಲ್ಲಿ ‘ಅಂಬಾಸಿಡರ್’ ಎಂಬ ಹೆಸರನ್ನು ಫ್ರಾನ್ಸಿನ ಪ್ಯೂಜೊ ಕಂಪನಿ 80 ಕೋಟಿ ರೂಪಾಯಿಗೆ ಕೊಂಡಿತು. ಆ ಕಾರಿನಲ್ಲಿ ಮೊದಲಿನಿಂದಲೂ ನಮ್ಮದಾಗಿದ್ದದ್ದು ಹೆಸರೊಂದೇ.

ಇನ್ನು ಬೆಂಗಳೂರು. ವಿಶ್ವೇಶ್ವರಯ್ಯನವರು 1962ರ ಏಪ್ರಿಲಿನಲ್ಲಿ ತೀರಿಕೊಂಡಾಗ ಈ ಊರಿನ ರಸ್ತೆಯಲ್ಲಿ ಓಡುತ್ತಿದ್ದವು ಮುಂಬಯಿ, ಬಂಗಾಳ, ಮದ್ರಾಸಿನ ಕಾರುಗಳು. ಆಮೇಲೆ ಇಲ್ಲಿಯೂ ಪ್ರಯತ್ನ ನಡೆಯಿತು. ಸಿಪಾನಿಯವರ ಕಂಪನಿ 1970ರ ದಶಕದಲ್ಲಿ ‘ಬಾದಲ್’ ಎಂಬ ಮೂರು ಗಾಲಿಯ ಕಾರು ತಂದಿತು. ಆಮೇಲೆ ಇಂಗ್ಲೆಂಡಿನ ರಿಲಯಂಟ್ ಕಿಟನ್ ಮಾದರಿಯ, ಫೈಬರ್ ಮೈಯ ಎರಡು ಬಾಗಿಲಿನ ಡಾಲ್ಫಿನ್ ಮಾಡಿತು. ಹಗುರ ಕಾರು, ರ್‍ಯಾಲಿಗಳಲ್ಲಿ ಹುಲಿ. ಅದು ಬಂದು ಹೆಚ್ಚು ಕಾಲವಾಗಿರಲಿಲ್ಲ, ಮಾರುತಿ ಬಂತು.

2001ರಲ್ಲಿ ಬೊಮ್ಮಸಂದ್ರದಿಂದ ರೇವಾ ಹೊರಬಂತು. ಚೇತನ್ ಮೈನಿ ಮತ್ತು ಅವರ ತಂಡದ ಬ್ಯಾಟರಿ ಕಾರು. ಎರಡು ಬಾಗಿಲು, ಮುಂದೆ ಇಬ್ಬರು, ಹಿಂದೆ ಮಕ್ಕಳಿಗಷ್ಟೇ ಜಾಗ. ಬ್ಯಾಟರಿ ಕಾರು ಎಂಬ ಮಾತೇ ಜನರಿಗೆ ಆಟಿಕೆಯನ್ನು ನೆನಪಿಸುತ್ತಿದ್ದ ಕಾಲ. ಬೆಂಗಳೂರಿನವರು ಸಿಗ್ನಲ್ಲಿನಲ್ಲಿ ಅದನ್ನು ನೋಡಿ ನಕ್ಕರು, ಕೊಂಡವರು ಕಡಿಮೆ. ಅದಕ್ಕೆ ದೊಡ್ಡ ಮಾರುಕಟ್ಟೆ ಸಿಕ್ಕಿದ್ದು ಲಂಡನ್ನಿನಲ್ಲಿ, ‘ಜಿ-ವಿಜ್’ ಎಂಬ ಹೆಸರಿನಲ್ಲಿ. ಅಲ್ಲಿಯ ಪತ್ರಕರ್ತರೂ ಟೀವಿಯವರೂ ಲೇವಡಿ ಮಾಡಿದರು, ಜನ ಮಾತ್ರ ಕೊಳ್ಳುತ್ತಿದ್ದರು. ಹಡಗು ಒಮ್ಮೆ ತಿರುಗಿ ಹೋಗಿತ್ತು: ಕರ್ನಾಟಕದಲ್ಲಿ ರೂಪಿಸಿ ಕಟ್ಟಿದ ಕಾರು ಇಂಗ್ಲೆಂಡಿನ ರಸ್ತೆಯಲ್ಲಿ. ಕೊಂಡವರಲ್ಲಿ ಬೆಂಗಳೂರು ಎಲ್ಲಿದೆ ಎಂದು ತಲೆ ಕೆಡಿಸಿಕೊಂಡವರು ಎಷ್ಟು ಮಂದಿಯೋ. ಅವರು ಕೊಂಡದ್ದಕ್ಕೆ ಕಾರಣ ಬೇರೆಯೇ ಇತ್ತು: 2003ರಿಂದ ಲಂಡನ್ನಿನ ನಡುಭಾಗಕ್ಕೆ ಕಾರು ತರುವವರು ದಿನಕ್ಕೆ ಐದು ಪೌಂಡ್ ದಟ್ಟಣೆ ಸುಂಕ ಕಟ್ಟಬೇಕಿತ್ತು. ಬ್ಯಾಟರಿ ಕಾರಿಗೆ ಆಗ ಅದು ಮಾಫಿಯಾಗಿತ್ತು.